ದೀರ್ಘಸೂತ್ರತೆಯೂ ರಚನಾಕಾರ್ಯವೂ

ಈ ಸಂಸ್ಮರಣ ಸಂಚಿಕೆಯನ್ನು ಹೊರತರುವುದೆಂದು ನಿಶ್ಚಯವಾದೊಡನೆ ನಾವು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಪತ್ರ ಬರೆದು, ಶಾಲೆಯ ನೆನಪನ್ನಾಗಲಿ, ಒಂದು ಕಥೆಯನ್ನಾಗಲಿ, ಒಂದು ಪದ್ಯವನ್ನಾಗಲಿ ಕಳುಹಿಸಿಕೊಡಬೇಕೆಂದು ಕೇಳಿಕೊಂಡೆವು. ಒಬ್ಬರಾದರೂ ಆಗದೆಂದು ಹೇಳಲಿಲ್ಲ. "ಖಂಡಿತ ಬರೆಯುತ್ತೇನೆ ಟೀಚರ್, ಮುಂದಿನ ವಾರ ಕಳುಹಿಸುತ್ತೇನೆ" ಎಂದೇ ಎಲ್ಲರ ಉತ್ತರವು ಬಂದಿತು. ಆ ವಾರವು ಕಳೆಯಿತು, ತಿಂಗಳೂ ಕಳೆಯಿತು. ಕಡೆಯ ದಿನವನ್ನು ನಾವು ಎರಡು ಸಲ ಮುಂದಕ್ಕೆ ಹಾಕಬೇಕಾಯಿತು. ಬಂದ ಲೇಖನಗಳನ್ನು ವಾಚಕರು ಈ ಸಂಚಿಕೆಯಲ್ಲಿ ಕಾಣುವರು. ಬಾರದ ಲೇಖನಗಳೇ ಹೆಚ್ಚು. ಅವುಗಳನ್ನು ಬರೆಯಬೇಕಾಗಿದ್ದವರಲ್ಲಿ ಕೆಲವರು, ತರಗತಿಯಲ್ಲಿ ಯಾರ ಪ್ರಬಂಧಗಳನ್ನು ನಾವು ಗಟ್ಟಿಯಾಗಿ ಓದಿ ಉಳಿದವರಿಗೆ ಮಾದರಿಯಾಗಿ ತೋರಿಸುತ್ತಿದ್ದೆವೋ ಅವರೇ ಆಗಿದ್ದಾರೆಂಬುದು ನಮಗೆ ವ್ಯಸನವನ್ನುಂಟುಮಾಡಿದ ಸಂಗತಿಯು.

ಅವರನ್ನು ದೂರುವುದಕ್ಕಾಗಿ ನಾವು ಲೇಖನಿಯನ್ನು ಹಿಡಿದಿಲ್ಲ. ಈ ಲೇಖನವೂ ಎರಡನೆಯ ಕಡೆಯ ದಿನವು ಕಳೆದ ಬಳಿಕವೇ ಬರೆಯಲ್ಪಟ್ಟಿತೆಂದು ಒಪ್ಪಿಕೊಂಡರೆ ಸಾಕು. ಆದುದರಿಂದ ಇಲ್ಲಿ ಹೇಳತಕ್ಕ ಮಾತುಗಳು ಒಬ್ಬ ರೋಗಿಯು ಇನ್ನೊಬ್ಬ ರೋಗಿಗೆ ಹೇಳುವ ಮಾತುಗಳೆಂದು ವಾಚಕರು ಭಾವಿಸಬೇಕು. ಬರೆಯುವುದು, ಚಿತ್ರ ಬಿಡಿಸುವುದು, ರಾಗ ಕಟ್ಟುವುದು, ಕಸೂತಿಯ ಹೊಸ ಬಗೆಯನ್ನು ಯೋಚಿಸುವುದು ಮೊದಲಾದ, ಯಾರ ಬಲಾತ್ಕಾರವೂ ಇಲ್ಲದೆ ನಮ್ಮ ಒಳಗಿನಿಂದಲೇ ಹೊರಡಬೇಕಾದ ಕೆಲಸಗಳು ಏಕೆ ನಾಳೆಗೆ ಬೀಳುತ್ತವೆ? ಅವುಗಳನ್ನು ಇಂದಿಗೆ ತರುವ ಬಗೆ ಯಾವುದು? ಇದರಲ್ಲಿ ಮಾತೃಪಿತೃಗಳ ಹೊಣೆಯೆಷ್ಟು, ಶಾಲೆಯ ಹೊಣೆಯೆಷ್ಟು? ಈ ಮೂರು ಪ್ರಶ್ನೆಗಳನ್ನು ಕುರಿತು ನಮ್ಮ ಅಭಿಪ್ರಾಯವನ್ನು ಮುಂದಿಡುತ್ತೇವೆ.

ಕೆಲಸವನ್ನು ಮುಂದೂಡುವ ಅಭ್ಯಾಸಕ್ಕೆ ಹಿರಿಯರು ಇಟ್ಟಿರುವ ಹೆಸರು ದೀರ್ಘಸೂತ್ರತೆ. ಸೂತ್ರವೆಂದರೆ ದಾರ, ದೀರ್ಘಸೂತ್ರವೆಂದರೆ ಉದ್ದವಾದ ದಾರ. ನಾವು ಈ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ನಮಗೆ ಹೊಲಿಗೆಯನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯವರು ಪ್ರತಿ ವರ್ಷವೂ ಮೊದಲನೆಯ ದಿನ ಒಂದೇ ಪಾಠವನ್ನು ಹೇಳುತ್ತಿದ್ದರು: "ದಾರವು ಮೊಳದುದ್ದಕ್ಕಿಂತ ಹೆಚ್ಚಾಗಬಾರದು." ಮತ್ತೆ ಮತ್ತೆ ಸೂಜಿಗೆ ದಾರ ಪೋಣಿಸುವ ಶ್ರಮವನ್ನು ತಪ್ಪಿಸಿಕೊಳ್ಳಬೇಕೆಂದು ಸೋಮಾರಿಯಾದ ಹುಡುಗಿಯು ಮಾರುದ್ದದ ದಾರವನ್ನು ಕತ್ತರಿಸಿಕೊಳ್ಳುವಳು. ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಅದು ಸಿಕ್ಕಾಗುವುದು. ಸಿಕ್ಕು ಬಿಡಿಸುವುದರಲ್ಲಿಯೇ ಗಂಟೆ ಬಾರಿಸುವುದು. ಮೊಳದುದ್ದದ ದಾರವನ್ನು ತೆಗೆದುಕೊಂಡವಳು ನಾಲ್ಕು ಸಲ ಪೋಣಿಸಿದರೂ ಅಷ್ಟರಲ್ಲಿ ಕರವಸ್ತ್ರದ ಅಂಚನ್ನು ಮುಗಿಸಿರುವಳು. ದೀರ್ಘಸೂತ್ರಿ ಎಂಬ ಶಬ್ದವನ್ನು ಮೊದಲು ಪ್ರಯೋಗಿಸಿದವರು ಹೊಲಿಗೆಯ ತರಗತಿಯಲ್ಲಿ ಕುಳಿತಿದ್ದರೋ ಇಲ್ಲವೋ, ಅವರ ಮಾತು ಮಾತ್ರ ನಮ್ಮ ಉಪಾಧ್ಯಾಯಿನಿಯವರ ಮಾತಿಗೆ ಸರಿಯಾಗಿ ಹೊಂದುತ್ತದೆ. ಕೆಲಸವನ್ನು ನಾಳೆಗೆ ತಳ್ಳುವವರಲ್ಲಿ ಹೆಚ್ಚಿನವರು ಕೆಲಸವನ್ನು ದ್ವೇಷಿಸುವವರಲ್ಲ. ಒಂದೇ ಸಲ ಬಹಳ ಉದ್ದವಾದುದನ್ನು ಮಾಡಬೇಕೆಂದು ಎಣಿಸಿ, ಅಷ್ಟುದ್ದದ ದಿನವು ದೊರೆಯಲೆಂದು ಕಾದಿರುವವರು.

"ಸ್ವಲ್ಪ ಪುರುಸೊತ್ತಾಗಲಿ" ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಮಗುವು ಶಾಲೆಗೆ ಸೇರಲಿ, ಅತ್ತೆಯವರ ಕಾಯಿಲೆ ವಾಸಿಯಾಗಲಿ, ಮನೆಯ ಕಟ್ಟೋಣ ಮುಗಿಯಲಿ, ನಿವೃತ್ತಿಯಾಗಲಿ, ಆಮೇಲೆ ಬರೆಯಬಹುದು. ಪುರುಸೊತ್ತೆಂಬುದು ತಾನಾಗಿ ಮನೆಗೆ ಬಂದು ಕುಳಿತುದನ್ನು ನಾವಂತೂ ಕಂಡಿಲ್ಲ. ಇಂಗ್ಲೆಂಡಿನ ಕಾದಂಬರಿಕಾರನಾದ ಆಂಥೊನಿ ಟ್ರಾಲಪನು ಅನೇಕ ವರ್ಷಗಳ ಕಾಲ ಅಂಚೆಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ಆತನು ಬೆಳಿಗ್ಗೆ ಐದೂವರೆ ಗಂಟೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುತ್ತಿದ್ದನೆಂದು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. 1882ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಆತನು 47 ಕಾದಂಬರಿಗಳನ್ನು ಬರೆದಿದ್ದನು. ಆ ಆತ್ಮಚರಿತ್ರೆಯು 1883ರಲ್ಲಿ ಪ್ರಕಟವಾದಾಗ, ಸ್ಫೂರ್ತಿಗೆ ಕಾಯದೆ ಗಡಿಯಾರವನ್ನು ನೋಡಿ ಬರೆದವನ ಪುಸ್ತಕಗಳಲ್ಲಿ ಹುರುಳೇನಿದ್ದೀತೆಂದು ಮೂಗು ಮುರಿದವರೂ ಉಂಟು. ಆದರೆ ಅವನ ಪುಸ್ತಕಗಳನ್ನು ಜನರು ಇಂದಿಗೂ ಓದುತ್ತಿದ್ದಾರೆ.

ನಮ್ಮ ನುಡಿಗೇ ಸಂಬಂಧಪಟ್ಟ ಉದಾಹರಣೆಯು ಬೇಕಾದರೆ ಕಿಟ್ಟೆಲರ ನಿಘಂಟನ್ನು ನೋಡಬಹುದು. ಫೆರ್ಡಿನಂಡ್ ಕಿಟ್ಟೆಲರು 1853ರಲ್ಲಿ ತಮ್ಮ 21ನೆಯ ವಯಸ್ಸಿನಲ್ಲಿ ಈ ದೇಶಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷು ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದುದು 1894ರಲ್ಲಿ. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ನಡುವೆ ಅವರು 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿಯೂ ಶೋಧಿಸಿ ಅಚ್ಚು ಮಾಡಿಸಿದರು. ಎಪ್ಪತ್ತು ಸಾವಿರ ಶಬ್ದಗಳ ಪುಸ್ತಕವನ್ನು ಯಾರೂ ಒಂದು ಬೇಸಗೆಯ ರಜೆಯಲ್ಲಿ ಬರೆಯಲಾರರು. ಇಂದು ಈ ಶಬ್ದ, ನಾಳೆ ಮುಂದಿನ ಶಬ್ದ ಎಂದು ಹೋದುದರಿಂದಲೇ ಆ ಗ್ರಂಥವು ಮುಗಿಯಿತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳವೆಂಬ ಗಾದೆಯನ್ನು ನಾವು ಮಕ್ಕಳಿಗೆ ಉಕ್ತಲೇಖನವಾಗಿ ಕೊಡುತ್ತೇವೆ. ಬರೆಯುವ ಕೆಲಸಕ್ಕೆ ಅದನ್ನು ಅನ್ವಯಿಸಿಕೊಳ್ಳುವುದು ಮಾತ್ರ ಅಪರೂಪ.

ಪುರುಸೊತ್ತು ದೊರೆತರೂ ಬರೆಯದಿರುವವರು ಇದ್ದಾರೆ. ಅವರನ್ನು ತಡೆಯುವುದು ಭಯ. ನಮ್ಮ ಮನಸ್ಸಿನಲ್ಲಿರುವ ಕಥೆಯು ಬಹು ಸುಂದರವಾಗಿರುತ್ತದೆ. ಕಾಗದದ ಮೇಲೆ ಇಳಿದ ಮೊದಲನೆಯ ವಾಕ್ಯವು ಕುಂಟುತ್ತದೆ. ಆ ಕುಂಟನ್ನು ನೋಡಲಾರದೆ ನಾವು ಲೇಖನಿಯನ್ನು ಕೆಳಗಿಟ್ಟು, ಕಪಾಟನ್ನು ಒಪ್ಪಮಾಡಲು ಹೋಗುತ್ತೇವೆ. ಕೆಲಸವನ್ನು ಮುಂದೂಡುವುದು ಬಹುಮಟ್ಟಿಗೆ ಒಂದು ಅಹಿತವಾದ ಭಾವನೆಯನ್ನು ಆ ಕ್ಷಣಕ್ಕೆ ತಪ್ಪಿಸಿಕೊಳ್ಳುವ ಉಪಾಯವೆಂದು ಫುಶಿಯಾ ಸಿರೋಯಿ, ತಿಮೊಥಿ ಪಿಚಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರತಿಪಾದಿಸಿದರು. ಸೋಮಾರಿಯೆಂದು ನಾವು ಬೈಯುವ ಹುಡುಗಿಯು ನಿಜವಾಗಿ ಹೆದರಿದವಳಾಗಿರಬಹುದು. ಬೈಗುಳಿನಿಂದ ಆ ಹೆದರಿಕೆಯು ಹೆಚ್ಚುವುದೇ ಹೊರತು ಇಳಿಯದು.

ಇಲ್ಲಿ ಶಾಲೆಯ ತಪ್ಪನ್ನು ನಾವು ಮುಚ್ಚಿಡಲಾರೆವು. ಆ ಭಯವನ್ನು ಬಿತ್ತಿದವರಲ್ಲಿ ಉಪಾಧ್ಯಾಯಿನಿಯರಾದ ನಾವೂ ಇದ್ದೇವೆ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಾವು ಪ್ರಬಂಧಗಳನ್ನು ತಿದ್ದಿದ್ದೇವೆ. ಎಷ್ಟು ಪುಟಗಳನ್ನು ಕೆಂಪು ಮಸಿಯಿಂದ ತುಂಬಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪಿಗೆ ಅಡ್ಡಗೆರೆ ಎಳೆದೆವು. ಒತ್ತಕ್ಷರ ಬಿಟ್ಟುದಕ್ಕೆ ಅಂಕವನ್ನು ಕಳೆದೆವು. ಅವು ಅಗತ್ಯವಾದ ತಿದ್ದುಪಡಿಗಳೇ ಸರಿ. ಆದರೆ ತನ್ನ ಅಜ್ಜಿಯ ಮರಣವನ್ನು ಕುರಿತು ಒಬ್ಬ ಹುಡುಗಿಯು ನಾಲ್ಕು ಪುಟ ಬರೆದು ತಂದಾಗ, ನಾವು ಅದರ ಕೊನೆಯಲ್ಲಿ "ಅಕ್ಷರ ದುಂಡಾಗಿರಲಿ" ಎಂದು ಮಾತ್ರ ಬರೆದುದು ಈಗ ನೆನಪಾದರೆ ನಾಚಿಕೆಯಾಗುತ್ತದೆ. ಮೊದಲನೆಯ ಪ್ರತಿಯೇ ಕೊನೆಯ ಪ್ರತಿಯಾಗಿರಬೇಕೆಂದು ಪರೀಕ್ಷೆಯು ಕಲಿಸುತ್ತದೆ. ಹಾಗೆ ಕಲಿತವಳು ಮುಂದೆ ಮೂವತ್ತನೆಯ ವಯಸ್ಸಿನಲ್ಲಿ ಖಾಲಿ ಕಾಗದವನ್ನು ಕಂಡರೆ ಪರೀಕ್ಷೆಯ ಕೊಠಡಿಯನ್ನು ಕಂಡಂತೆ ಹಿಂಜರಿಯುವುದು ಆಶ್ಚರ್ಯವೇ?

ಮುಂದೂಡುವುದೆಲ್ಲವೂ ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಕೆಲವು ಯೋಚನೆಗಳಿಗೆ ಸಮಯವು ಬೇಕು. ದೋಸೆಯ ಹಿಟ್ಟು ಹುದುಗು ಬರಬೇಕಾದರೆ ಒಂದು ರಾತ್ರಿ ಕಾಯಲೇಬೇಕೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುದುಗು ಬರುವುದು ರುಬ್ಬಿಟ್ಟ ಹಿಟ್ಟು. ಅಕ್ಕಿಯನ್ನು ನೆನೆಹಾಕದೆ, ಉದ್ದನ್ನು ತೊಳೆಯದೆ, "ಹುದುಗಲೆಂದು ಕಾಯುತ್ತಿದ್ದೇನೆ" ಎನ್ನುವವಳ ಮನೆಯಲ್ಲಿ ಬೆಳಿಗ್ಗೆ ದೋಸೆಯಿಲ್ಲ. ಕೆಟ್ಟದಾಗಿಯಾದರೂ ಸರಿ, ಒಂದು ಪುಟ ಬರೆದಿಟ್ಟು ನಾಲ್ಕು ದಿನ ಬಿಡುವುದು ಹುದುಗು ಹಾಕಿದಂತೆ. ಏನನ್ನೂ ಬರೆಯದೆ ನಾಲ್ಕು ವರ್ಷ ಬಿಡುವುದು ಬರಿಯ ಹಸಿವು.

ಇನ್ನು ಚಿತ್ತಚಾಂಚಲ್ಯದ ಮಾತು. ಕವಿಯಾದ ಕೋಲರಿಡ್ಜನ ಕಥೆಯನ್ನು ಇಂಗ್ಲಿಷು ಸಾಹಿತ್ಯವನ್ನು ಓದಿದವರೆಲ್ಲರೂ ಬಲ್ಲರು. 1797ರಲ್ಲಿ ಆತನು ಕನಸಿನಲ್ಲಿ ಇನ್ನೂರು ಮುನ್ನೂರು ಪಂಕ್ತಿಗಳ ಕವಿತೆಯೊಂದನ್ನು ಕಂಡನಂತೆ. ಎದ್ದು ಬರೆಯುತ್ತಿರುವಾಗ ಪೋರ್ಲಾಕ್ ಎಂಬ ಊರಿನಿಂದ ಯಾರೋ ಒಬ್ಬನು ಕೆಲಸದ ಮೇಲೆ ಬಂದು ಒಂದು ಗಂಟೆಗೆ ಮೇಲ್ಪಟ್ಟು ಹಿಡಿದು ಕೂರಿಸಿಕೊಂಡನಂತೆ. ಹಿಂದಿರುಗಿ ಬಂದು ಕುಳಿತರೆ ಉಳಿದ ಕವಿತೆಯು ಮನಸ್ಸಿನಿಂದ ಅಳಿಸಿಹೋಗಿತ್ತಂತೆ. 'ಕುಬ್ಲಾ ಖಾನ್' ಎಂಬ ಆ ಕವಿತೆಯು 54 ಪಂಕ್ತಿಗಳಿಗೆ ನಿಂತುಹೋಯಿತು. ಅಂದಿನಿಂದ ಆ ಹೆಸರಿಲ್ಲದ ಅತಿಥಿಯನ್ನು ಲೋಕವು ಬೈಯುತ್ತಲೇ ಇದೆ. ನಮಗೆ ಮಾತ್ರ ಆ ಅತಿಥಿಯ ಮೇಲೆ ಅಷ್ಟು ಕೋಪವಿಲ್ಲ. ಕವಿತೆಯು ಅಚ್ಚಾದುದು 1816ರಲ್ಲಿ. ಅತಿಥಿಯು ತೆಗೆದುಕೊಂಡುದು ಒಂದು ಗಂಟೆ; ಉಳಿದ ಹತ್ತೊಂಬತ್ತು ವರ್ಷಗಳು ಕವಿಯ ಕೈಯಲ್ಲಿಯೇ ಇದ್ದುವು.

ಇಂದು ಪೋರ್ಲಾಕಿನ ಅತಿಥಿಯು ನಮ್ಮೆಲ್ಲರ ಕೈಚೀಲದಲ್ಲಿಯೇ ವಾಸಮಾಡುತ್ತಿದ್ದಾನೆ. ಮೊಬೈಲು ಫೋನು ಕೆಟ್ಟ ವಸ್ತುವೆಂದು ನಾವು ಹೇಳುವುದಿಲ್ಲ; ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪು ಗುಂಪು ಇಲ್ಲದಿದ್ದರೆ ಈ ಸಂಚಿಕೆಗೆ ವಿಳಾಸಗಳನ್ನು ಕೂಡಿಸುವುದೇ ಕಷ್ಟವಾಗುತ್ತಿತ್ತು. ಆದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವ ಮನಸ್ಸು ಮೊದಲನೆಯದರ ಒಂದು ಪಾಲನ್ನು ಹೊತ್ತುಕೊಂಡೇ ಹಾರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿಯು 2009ರಲ್ಲಿ ಇದನ್ನು ಪರೀಕ್ಷಿಸಿ, ಮುಗಿಯದ ಕೆಲಸವೊಂದನ್ನು ಬಿಟ್ಟು ಮತ್ತೊಂದಕ್ಕೆ ಹೋದವರ ಗಮನದಲ್ಲಿ ಹಿಂದಿನದರ ಶೇಷವು ಉಳಿದು, ಹೊಸ ಕೆಲಸವು ಕುಂದುವುದೆಂದು ತೋರಿಸಿದಳು. ಪಾತ್ರೆಯನ್ನು ತೊಳೆಯದೆ ಸಾರಿನ ಮೇಲೆ ಪಾಯಸವನ್ನು ಬಡಿಸಿದಂತೆ ಎಂದು ನಾವು ಹೇಳಬಹುದು. ಒಂದು ನಿಮಿಷದ ಮಟ್ಟಿಗೆ ಫೋನನ್ನು ನೋಡಿದೆನೆಂಬುವಳು ಕಳೆದುಕೊಂಡುದು ಒಂದು ನಿಮಿಷವನ್ನು ಮಾತ್ರವಲ್ಲ.

ಇಷ್ಟರವರೆಗೆ ಹೇಳಿದುದನ್ನು ಓದಿ ಪೋಷಕರು ತಲೆದೂಗಿರಬಹುದು. ಮುಂದಿನ ಮಾತು ಅವರಿಗೆ ಅಷ್ಟು ರುಚಿಸದಿದ್ದರೆ ಕ್ಷಮಿಸಬೇಕು. ಹೆಣ್ಣುಮಕ್ಕಳ ಗಮನವನ್ನು ಕೆಡಿಸುವುದರಲ್ಲಿ ಮೊಬೈಲಿಗಿಂತಲೂ ಹಳೆಯದಾದ ಸಾಧನವೊಂದು ನಮ್ಮ ಮನೆಗಳಲ್ಲಿದೆ. ಅದು ಕರೆಯುವ ಧ್ವನಿ. ಮಗನು ಪುಸ್ತಕದ ಮುಂದೆ ಕುಳಿತರೆ ಮನೆಯಲ್ಲಿ ಎಲ್ಲರೂ ಮೆಲ್ಲನೆ ನಡೆಯುವರು. "ಅವನು ಓದುತ್ತಿದ್ದಾನೆ, ಗಲಾಟೆ ಮಾಡಬೇಡಿ" ಎನ್ನುವರು. ಮಗಳು ಕುಳಿತರೆ? "ಸುಮ್ಮನೆ ಕುಳಿತಿದ್ದೀಯಲ್ಲ, ಹಾಲು ಉಕ್ಕೀತು ನೋಡು" ಎಂದೂ, "ಬಂದವರಿಗೆ ಒಂದು ಲೋಟ ನೀರು ಕೊಡು" ಎಂದೂ, "ತಮ್ಮನನ್ನು ಸ್ವಲ್ಪ ಎತ್ತಿಕೋ" ಎಂದೂ ಹತ್ತು ನಿಮಿಷಕ್ಕೊಮ್ಮೆ ಕರೆ. ಪರೀಕ್ಷೆಗೆ ಓದುವಾಗ ಈಚೆಗೆ ಅವಳಿಗೂ ರಿಯಾಯಿತಿ ದೊರೆಯುತ್ತಿದೆ. ಆ ಬದಲಾವಣೆಯನ್ನು ಕಂಡು ನಾವು ಸಂತೋಷಪಟ್ಟಿದ್ದೇವೆ. ಆದರೆ ಅಂಕಗಳು ಬಾರದ ಕೆಲಸಕ್ಕೆ, ಎಂದರೆ ಒಂದು ಕಥೆಗೆ, ಒಂದು ಚಿತ್ರಕ್ಕೆ, ಆ ರಿಯಾಯಿತಿಯಿಲ್ಲ. ಹೀಗೆ ಹತ್ತು ವರ್ಷ ಬೆಳೆದ ಹುಡುಗಿಗೆ ಆಮೇಲೆ ಯಾರೂ ಕರೆಯಬೇಕಾಗಿಲ್ಲ. ಕರೆಯದಿದ್ದರೂ ಅವಳ ಕಿವಿಯು ಅಡಿಗೆಮನೆಯ ಕಡೆಗೇ ಇರುವುದು. ಅವಳನ್ನು ಚಂಚಲೆಯೆಂದು ಹೇಳುವ ಮೊದಲು, ಅವಳನ್ನು ಹಾಗೆ ಪಳಗಿಸಿದವರು ಯಾರೆಂದು ನಾವು ಕೇಳಿಕೊಳ್ಳಬೇಕು.

ಜೇನ್ ಆಸ್ಟೆನಳ ಜೀವನವು ಈ ವಿಷಯದಲ್ಲಿ ಬಹಳ ಬೋಧಪ್ರದವಾದುದು. ಅವಳು ಬಂದುಹೋಗುವವರು ಕೂರುವ ಕೋಣೆಯಲ್ಲಿಯೇ ಸಣ್ಣ ಹಾಳೆಗಳಲ್ಲಿ ಬರೆಯುತ್ತಿದ್ದಳೆಂದೂ, ಬಾಗಿಲು ಕಿರುಗುಟ್ಟುತ್ತಿದ್ದುದರಿಂದ ಯಾರಾದರೂ ಬರುವುದು ಮುಂಚೆಯೇ ತಿಳಿದು ಹಾಳೆಗಳನ್ನು ಮರೆಮಾಡುತ್ತಿದ್ದಳೆಂದೂ, ಆ ಬಾಗಿಲಿಗೆ ಎಣ್ಣೆ ಹಾಕಬೇಡಿರೆಂದು ಕೇಳಿಕೊಂಡಿದ್ದಳೆಂದೂ ಅವಳ ಸೋದರಳಿಯನು 1870ರ ಹೊತ್ತಿಗೆ ಹೊರಬಂದ ಅವಳ ಜೀವನಚರಿತ್ರೆಯಲ್ಲಿ ಹೇಳಿದ್ದಾನೆ. ಇದನ್ನು ಕೇಳಿದವರು, "ನೋಡಿರಿ, ಇಷ್ಟು ಅಡ್ಡಿಗಳಿದ್ದರೂ ಬರೆದಳು, ನಿಮಗೇನು ಕಷ್ಟ?" ಎಂದು ನಮ್ಮ ಹುಡುಗಿಯರನ್ನು ಕೇಳುವುದುಂಟು. ಕಥೆಯ ಉಳಿದ ಭಾಗವನ್ನು ಅವರು ಹೇಳುವುದಿಲ್ಲ. 1801ರಲ್ಲಿ ತಂದೆಯೊಡನೆ ಬಾತ್ ಪಟ್ಟಣಕ್ಕೆ ಹೋದ ಮೇಲೆ, ಮನೆಯಿಂದ ಮನೆಗೆ ಅಲೆದ ವರ್ಷಗಳಲ್ಲಿ ಅವಳು ಬಹು ಸ್ವಲ್ಪವನ್ನು ಬರೆದಳು. ಪ್ರಾರಂಭಿಸಿದ ಒಂದು ಕಾದಂಬರಿಯನ್ನು ಅರ್ಧಕ್ಕೆ ಕೈಬಿಟ್ಟಳು. 1809ರಲ್ಲಿ ಚಾಟನ್ ಎಂಬ ಹಳ್ಳಿಯಲ್ಲಿ ನೆಲೆಯಾದ ಮನೆ ದೊರೆಯಿತು. ಅಲ್ಲಿ ಅಕ್ಕನೂ, ತಾಯಿಯೂ, ಗೆಳತಿಯೊಬ್ಬಳೂ ಮನೆಗೆಲಸದ ಹೆಚ್ಚಿನ ಭಾರವನ್ನು ಹೊತ್ತು, ಬೆಳಗಿನ ಉಪಾಹಾರದ ಏರ್ಪಾಡನ್ನೂ ಚಹಾ ಸಕ್ಕರೆಗಳ ಉಸ್ತುವಾರಿಯನ್ನೂ ಮಾತ್ರ ಅವಳಿಗೆ ಬಿಟ್ಟರು. 1811ರಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ ನಾಲ್ಕು ಕಾದಂಬರಿಗಳು ಹೊರಬಂದುವು. ಸ್ಥಳ ಬದಲಾಯಿತು, ಹೊರೆ ಇಳಿಯಿತು, ಪುಸ್ತಕಗಳು ಬಂದುವು. ಟ್ರಾಲಪನ ಕಥೆಯಲ್ಲಿಯೂ ಹೀಗೆಯೇ ಒಂದು ಮರೆತ ಮಾತುಂಟು. ಆತನನ್ನು ಬೆಳಗಿನ ಜಾವದಲ್ಲಿ ಎಬ್ಬಿಸಿ ಕಾಫಿ ತಂದುಕೊಡುವುದಕ್ಕಾಗಿ ಒಬ್ಬ ಮುದುಕನಾದ ಸೇವಕನಿದ್ದನು. ಅದಕ್ಕಾಗಿ ಅವನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿನ ಸಂಬಳ. ತನ್ನ ಯಶಸ್ಸಿಗೆ ತನ್ನ ಋಣವು ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚೆಂಬ ಭಾವವನ್ನು ಟ್ರಾಲಪನು ತಾನೇ ಸೂಚಿಸಿದ್ದಾನೆ. ಐದೂವರೆಗೆ ಬರೆಯುವವನಿಗಿಂತ ಮುಂಚೆ ಒಬ್ಬರು ಎದ್ದಿರಬೇಕು. ನಮ್ಮ ಮನೆಗಳಲ್ಲಿ ಹಾಗೆ ಮುಂಚೆ ಏಳುವವಳು ಸಾಮಾನ್ಯವಾಗಿ ಬರೆಯಬೇಕೆಂದಿದ್ದವಳೇ ಆಗಿರುತ್ತಾಳೆ.

ಕನ್ನಡದಲ್ಲಿ ಹೆಂಗಸರ ಬರೆವಣಿಗೆಯು ಬೆಳೆದುದು ಇಂಥ ಮನೆಗಳ ನಡುವೆಯೇ. ನಂಜನಗೂಡು ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾದವರು. ತಂದೆಯವರು ಮನೆಯಲ್ಲಿಯೇ ಅವರನ್ನು ಓದಿಗೆ ಹಚ್ಚಿದರು. ಆಕೆ 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಪ್ರಾರಂಭಿಸಿ ಪುಸ್ತಕಗಳನ್ನು ಬರೆದು ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಒಬ್ಬ ತಂದೆಯು ಮಗಳಿಗೆ ಕೊಟ್ಟ ಬಿಡುವಿನಿಂದ ಒಂದು ಗ್ರಂಥಮಾಲೆಯು ಹುಟ್ಟಿತೆಂಬುದನ್ನು ಪೋಷಕರು ಗಮನಿಸಬೇಕು. ಕೊಡಗಿನ ಗೌರಮ್ಮನವರು 1939ರಲ್ಲಿ ತೀರಿಕೊಂಡಾಗ ಅವರ ವಯಸ್ಸು 27. ತ್ರಿವೇಣಿಯವರು ತಮ್ಮ ಮೊದಲನೆಯ ಕಾದಂಬರಿಯಾದ 'ಅಪಸ್ವರ'ವನ್ನು ಪ್ರಕಟಿಸಿದುದು 1953ರಲ್ಲಿ. 1963ರಲ್ಲಿ, 34ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಆ ಹತ್ತು ವರ್ಷಗಳಲ್ಲಿ ಅವರು ಬರೆದ ಕಾದಂಬರಿಗಳು ಸುಮಾರು ಇಪ್ಪತ್ತು. ಮಕ್ಕಳು ದೊಡ್ಡವರಾಗಲಿ, ಆಮೇಲೆ ಬರೆಯೋಣವೆಂದು ಇವರಿಬ್ಬರೂ ಕಾದಿದ್ದರೆ ಕನ್ನಡಕ್ಕೆ ಏನೂ ದಕ್ಕುತ್ತಿರಲಿಲ್ಲ.

ಗೃಹಕೃತ್ಯವೇ ಮೊದಲನೆಯ ಕರ್ತವ್ಯ, ಕಥೆ ಕವಿತೆಗಳು ಉಳಿದ ಕಾಲಕ್ಕೆ ಎಂದು ಕೆಲವರು ಆಕ್ಷೇಪಿಸಬಹುದು. ಕರ್ತವ್ಯವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅರ್ಧ ಗಂಟೆಯನ್ನು ಕೇಳುತ್ತಿದ್ದೇವೆ. ಆ ಅರ್ಧ ಗಂಟೆಯಲ್ಲಿ ಹಾಲು ಉಕ್ಕಿದರೆ ಅದನ್ನು ಇಳಿಸುವುದಕ್ಕೆ ಮನೆಯಲ್ಲಿ ಬೇರೆ ಕೈಗಳಿವೆ.

ಈಗ ಪರಿಹಾರದ ಮಾತಿಗೆ ಬರುತ್ತೇವೆ. ಇವು ನಮ್ಮ ಸ್ವಂತ ಅನುಭವದಿಂದಲೂ, ಅನೇಕ ಹಳೆಯ ವಿದ್ಯಾರ್ಥಿನಿಯರೊಡನೆ ಮಾತನಾಡಿದುದರಿಂದಲೂ ಸಿಕ್ಕಿದುವು.

ಮೊದಲನೆಯದಾಗಿ, ದಾರವು ಮೊಳದುದ್ದವಿರಲಿ. ಒಂದು ಕಾದಂಬರಿಯನ್ನು ಬರೆಯುತ್ತೇನೆಂದು ಸಂಕಲ್ಪಿಸಬೇಡಿರಿ. ಇಂದು ಅರ್ಧ ಗಂಟೆ ಕುಳಿತು ನೂರು ಶಬ್ದ ಬರೆಯುತ್ತೇನೆಂದು ಸಂಕಲ್ಪಿಸಿರಿ. ವರ್ಷದಲ್ಲಿ 65 ದಿನಗಳನ್ನು ಜ್ವರಕ್ಕೂ ಮದುವೆಗಳಿಗೂ ಪ್ರಯಾಣಕ್ಕೂ ಬಿಟ್ಟರೂ 300 ದಿನಗಳು ಉಳಿಯುವುವು. ದಿನಕ್ಕೆ ನೂರರಂತೆ 30,000 ಶಬ್ದಗಳಾಗುವುವು. ಅದು ಒಂದು ಸಣ್ಣ ಪುಸ್ತಕ.

ಎರಡನೆಯದಾಗಿ, ಹೊತ್ತನ್ನೂ ಸ್ಥಳವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ. "ಬರೆಯುತ್ತೇನೆ" ಎಂಬ ಸಂಕಲ್ಪಕ್ಕಿಂತ, "ಮಧ್ಯಾಹ್ನ ಮಕ್ಕಳು ಬರುವುದಕ್ಕೆ ಮುಂಚೆ, ಕಿಟಕಿಯ ಬಳಿಯ ಮೇಜಿನಲ್ಲಿ ಬರೆಯುತ್ತೇನೆ" ಎಂಬ ಸಂಕಲ್ಪವು ಹೆಚ್ಚಾಗಿ ನೆರವೇರುವುದು. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞನು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ವಿವರಿಸಿದ್ದಾನೆ. ಶಾಲೆಯ ಗಂಟೆಯು ಇಷ್ಟು ವರ್ಷ ನಮ್ಮಿಂದ ಕೆಲಸ ಮಾಡಿಸಿದ ಗುಟ್ಟೂ ಇದೇ. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಬೋರಲಾಗಿಟ್ಟರೆ ಸಾಲದು.

ಮೂರನೆಯದಾಗಿ, ಮೊದಲನೆಯ ಪ್ರತಿಯು ಕೆಟ್ಟದಾಗಿರಲೆಂದು ನಿಮಗೆ ನೀವೇ ಅಪ್ಪಣೆ ಕೊಟ್ಟುಕೊಳ್ಳಿರಿ. ಹೊಲಿಯುವ ಮೊದಲು ನಾವು ಬಟ್ಟೆಗೆ ಕಚ್ಚಾ ಹೊಲಿಗೆಯನ್ನು ಹಾಕುವುದಿಲ್ಲವೇ? ಅದು ಸೊಟ್ಟಗಿದ್ದರೆ ಯಾರಿಗೂ ಬೇಸರವಿಲ್ಲ. ಆಮೇಲೆ ಅದನ್ನು ಎಳೆದು ತೆಗೆಯುವುದೇ ಆಗಿದೆ. ನಮ್ಮ ಕೆಂಪು ಮಸಿಯನ್ನು ಮರೆತುಬಿಡಿರಿ.

ನಾಲ್ಕನೆಯದಾಗಿ, ಕೆಲಸವನ್ನು ಕೆಳಗಿಡುವ ಬಗೆಯನ್ನು ಕಲಿಯಿರಿ. ಲೇಸು ಹೆಣೆಯುವವಳು ಕರೆ ಬಂದು ಏಳುವಾಗ ಕೊಕ್ಕೆಯನ್ನು ಕುಣಿಕೆಯಲ್ಲಿಯೇ ಬಿಟ್ಟು ಏಳುವಳು. ಮರಳಿ ಕುಳಿತಾಗ ಕೈಯು ಅಲ್ಲಿಂದಲೇ ಮುಂದುವರಿಯುವುದು. ಹಾಗೆಯೇ ಮುಂದಿನ ವಾಕ್ಯವು ಏನೆಂದು ತಿಳಿದಿರುವಾಗಲೇ ನಿಲ್ಲಿಸಿ, ಅದರ ಎರಡು ಮಾತುಗಳನ್ನು ಅಂಚಿನಲ್ಲಿ ಗುರುತಿಟ್ಟು ಏಳಿರಿ. ಹೆಂಗಸಿನ ದಿನದಲ್ಲಿ ಕರೆಗಳು ಬಂದೇ ಬರುವುವು. ಕೊಕ್ಕೆಯು ಕುಣಿಕೆಯಲ್ಲಿದ್ದರೆ ಕರೆಯಿಂದ ನೂಲು ಬಿಚ್ಚಿಹೋಗದು.

ಐದನೆಯದಾಗಿ, ಕಾದಿರುವ ಒಬ್ಬ ಓದುಗಳನ್ನು ಸಂಪಾದಿಸಿಕೊಳ್ಳಿರಿ. ಹಳೆಯ ಸಹಪಾಠಿನಿಯರು ಇಬ್ಬರು ಸೇರಿ ಪ್ರತಿ ಶನಿವಾರವೂ ಒಂದೊಂದು ಪುಟವನ್ನು ಒಬ್ಬರಿಗೊಬ್ಬರು ಕಳುಹಿಸುವುದೆಂದು ಒಪ್ಪಂದ ಮಾಡಿಕೊಂಡರೆ, ನಾವು ಕಾಗದ ಬರೆದು ಬೇಡಬೇಕಾಗಿರುವುದಿಲ್ಲ.

ನಮ್ಮ ನಾಡಿನ ಕೆಲವು ಊರುಗಳಲ್ಲಿ, ರಾತ್ರಿಯಲ್ಲಿ ದೆವ್ವವು ಬಾಗಿಲು ತಟ್ಟುವುದೆಂದು ಹೆದರಿ ಜನರು ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದಿಡುತ್ತಿದ್ದರು. ದೆವ್ವವು ಅದನ್ನು ಓದಿ ಹಿಂದಿರುಗುವುದೆಂದೂ, ಮರುದಿನ ಬಂದು ಮತ್ತೆ ಅದನ್ನೇ ಓದುವುದೆಂದೂ ನಂಬಿಕೆ. ದೆವ್ವದ ಸಂಗತಿಯು ಹೇಗಾದರೂ ಇರಲಿ. ಒಳ್ಳೆಯ ಯೋಚನೆಯು ಬಾಗಿಲಿಗೆ ಬಂದಾಗ ನಾವು ತೋರಿಸುವುದು ಆ ಬರಹವನ್ನೇ. ದೆವ್ವಕ್ಕಿರುವ ತಾಳ್ಮೆ ಅದಕ್ಕಿಲ್ಲ. ಅದು ಎರಡು ಮೂರು ಸಲ ಬಂದು ಆಮೇಲೆ ಬರುವುದನ್ನೇ ನಿಲ್ಲಿಸಿಬಿಡುವುದು.

ಇದನ್ನು ನಾವು ಕೇಳಿ ತಿಳಿದುದಲ್ಲ. ಮೊಳದುದ್ದದ ದಾರದ ಪಾಠವನ್ನು ಹೇಳಿದ ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ನಿವೃತ್ತರಾದ ಮೇಲೆ ಶಾಲೆಯ ಸಮೀಪದಲ್ಲಿಯೇ ಇದ್ದರು. ವಿದ್ಯಾರ್ಥಿನಿಯಾಗಿ, ಆಮೇಲೆ ಉಪಾಧ್ಯಾಯಿನಿಯಾಗಿ, ಅವರ ಜೀವಮಾನವೆಲ್ಲ ಈ ಆವರಣದಲ್ಲಿಯೇ ಕಳೆದಿತ್ತು. ಹಾಸ್ಟೆಲಿನ ಬಾವಿಯು ಬತ್ತಿದ ಬೇಸಗೆ, ಹೊಸ ಕಟ್ಟಡದ ಬುನಾದಿ, ಯಾವ ಹುಡುಗಿಯು ಯಾವ ಊರಿನಿಂದ ಯಾರ ಕೈಹಿಡಿದುಕೊಂಡು ಬಂದಳೆಂಬುದು, ಎಲ್ಲವೂ ಅವರ ನೆನಪಿನಲ್ಲಿದ್ದುವು. ಅವೆಲ್ಲವನ್ನೂ ಅವರಿಂದ ಕೇಳಿ ಬರೆದುಕೊಳ್ಳಬೇಕೆಂದು ನಾವು ಸಂಕಲ್ಪಿಸಿದೆವು. ಒಳ್ಳೆಯ ರಟ್ಟಿನ ನೋಟುಪುಸ್ತಕವನ್ನು ಕೊಂಡೆವು. ಒಂದು ದಿನ ಹೋಗಿ ಒಂದು ಪುಟ ಬರೆದುಕೊಂಡೆವು. ಆಮೇಲೆ ಪರೀಕ್ಷೆಗಳು ಬಂದುವು. ಇಲಾಖೆಯ ತನಿಖೆಯು ಬಂದಿತು. ದಾರಿಯಲ್ಲಿ ಕಂಡಾಗಲೆಲ್ಲ, "ಯಾವಾಗ ಬರುತ್ತೀಯಮ್ಮಾ?" ಎಂದು ಅವರು ಕೇಳುತ್ತಿದ್ದರು, "ರಜೆಯಲ್ಲಿ ಬರುತ್ತೇನೆ, ಟೀಚರ್" ಎಂದು ನಾವು ಉತ್ತರ ಕೊಡುತ್ತಿದ್ದೆವು. ಹೀಗೆ ಮೂರು ಬೇಸಗೆಯ ರಜೆಗಳು ಕಳೆದುವು. ನಾಲ್ಕನೆಯ ರಜೆಗೆ ಅವರು ಇರಲಿಲ್ಲ. ಅವರ ಮನೆಯು ನಮ್ಮ ಕಚೇರಿಯಿಂದ ನಡೆದುಹೋದರೆ ಏಳು ನಿಮಿಷದ ದಾರಿಯಾಗಿತ್ತು. ಈ ಸಂಚಿಕೆಯಲ್ಲಿ ಇರಬೇಕಾಗಿದ್ದ, ಬೇರೆ ಯಾರೂ ಬರೆಯಲಾರದ ಲೇಖನವು ಹೀಗೆ ಇಲ್ಲದೆ ಹೋಯಿತು. ಆ ನೋಟುಪುಸ್ತಕವು ನಮ್ಮ ಮೇಜಿನ ಖಾನೆಯಲ್ಲಿದೆ. ಒಂದು ಪುಟವು ತುಂಬಿದೆ, ಉಳಿದುವು ಬಿಳಿಯವಾಗಿವೆ.

ಆದುದರಿಂದ ಉಪದೇಶದೊಡನೆ ನಾವೂ ಒಂದು ಕೆಲಸವನ್ನು ಕೈಗೊಳ್ಳುವುದು ನ್ಯಾಯವಾಗಿದೆ. ಮುಂದಿನ ಶಾಲಾ ವರ್ಷದ ಮೊದಲನೆಯ ವಾರದಿಂದ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ವಾರದಲ್ಲಿ ಎರಡು ದಿನ ಅರ್ಧ ಗಂಟೆಯ ಬರೆಯುವ ವೇಳೆಯನ್ನು ಇಡುವೆವು. ಅದಕ್ಕೆ ಅಂಕಗಳಿಲ್ಲ; ಕೆಂಪು ಮಸಿಯಿಲ್ಲ. ಉಪಾಧ್ಯಾಯಿನಿಯರೂ ಮಕ್ಕಳೊಡನೆ ಕುಳಿತು ಬರೆಯುವರು, ನಾವೂ ಕುಳಿತುಕೊಳ್ಳುವೆವು. ಆ ಹೊತ್ತಿನಲ್ಲಿ ಜವಾನನು ಸುತ್ತೋಲೆಯನ್ನು ತೆಗೆದುಕೊಂಡು ತರಗತಿಯೊಳಕ್ಕೆ ಬರಬಾರದೆಂದು ಅಪ್ಪಣೆಯಾಗುವುದು. ಮಕ್ಕಳನ್ನು ಕರೆಯುವ ಧ್ವನಿಗಳಲ್ಲಿ ನಮ್ಮ ಕಚೇರಿಯದೂ ಒಂದೆಂದು ನಾವು ಬಲ್ಲೆವು.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯಲ್ಲಿ ಮಗಳಿಗೆ ಒಂದು ಮೂಲೆಯನ್ನೂ ಅರ್ಧ ಗಂಟೆಯನ್ನೂ ಕೊಡಿರಿ, ಆ ಅರ್ಧ ಗಂಟೆಯಲ್ಲಿ ಅವಳ ಹೆಸರನ್ನು ಕರೆಯಬೇಡಿರಿ. ಅವಳು ಏನು ಬರೆದಳೆಂದು ಕೇಳಲೂ ಬೇಡಿರಿ. ತಾನಾಗಿ ತೋರಿಸಿದರೆ ನೋಡಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಕೇಳುವುದೂ ಸ್ವಲ್ಪವೇ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ, ಯಾರ ನೆನಪುಗಳನ್ನು ಬರೆದುಕೊಳ್ಳಬೇಕೆಂದು ನೀವು ಬಹಳ ದಿನಗಳಿಂದ ಎಣಿಸಿದ್ದೀರೋ ಅವರ ಬಳಿಗೆ ಈ ವಾರದಲ್ಲಿಯೇ ಹೋಗಿರಿ. ಪುಸ್ತಕವು ಒಳ್ಳೆಯ ರಟ್ಟಿನದಾಗಬೇಕಾಗಿಲ್ಲ. ಬಾರದೆ ಉಳಿದ ಲೇಖನಗಳಿಗಾಗಿ ನಾವು ಇನ್ನೊಂದು ಪುಟ್ಟ ಪುರವಣಿಯನ್ನು ತರಬೇಕೆಂದಿದ್ದೇವೆ. ಅದಕ್ಕೆ ಕಡೆಯ ದಿನವನ್ನು ಈ ಸಲ ಮುಂದಕ್ಕೆ ಹಾಕುವುದಿಲ್ಲ.